ಭಯದ ರಾಜ್ಯದಲ್ಲಿ ಪ್ರಥಮ ದರ್ಶನದ ಪ್ರೇಮ: ತರುಣರ ಡಿಸ್ಟೋಪಿಯ ಕಾದಂಬರಿಗಳನ್ನೂ ಕುಮಾರರಾಮನ ಕಥೆಯನ್ನೂ ಕುರಿತು

೧

ಇತಿಹಾಸವನ್ನು ಬೋಧಿಸುವವರು ಕಾದಂಬರಿಗಳ ವಿಮರ್ಶೆಗೆ ಕೈಹಾಕುವುದು ಉಚಿತವೇ ಎಂಬ ಪ್ರಶ್ನೆ ವಾಚಕರಲ್ಲಿ ಏಳಬಹುದು. ನಮ್ಮ ಸಮಾಧಾನ ಇಷ್ಟೇ. ನಮ್ಮ ವಿದ್ಯಾರ್ಥಿಗಳು ಪ್ರಭುತ್ವವೆಂದರೇನು, ದಬ್ಬಾಳಿಕೆಯೆಂದರೇನು ಎಂಬುದನ್ನು ಈಗ ಪಠ್ಯಪುಸ್ತಕಗಳಿಂದ ಮಾತ್ರವೇ ತಿಳಿದುಕೊಳ್ಳುತ್ತಿಲ್ಲ. ಡಿಸ್ಟೋಪಿಯ ಎಂದು ಕರೆಯಲಾಗುವ ಕಾದಂಬರಿಗಳಿಂದಲೂ ಅವುಗಳನ್ನು ಆಧರಿಸಿದ ಚಲನಚಿತ್ರಗಳಿಂದಲೂ ಅದನ್ನು ಕಲಿಯುತ್ತಿದ್ದಾರೆ. ದುಷ್ಟ ಪ್ರಭುತ್ವವೊಂದು ಪ್ರಜೆಗಳ ಅನ್ನ, ಮಾತು, ಮದುವೆ, ಮರಣಗಳೆಲ್ಲವನ್ನೂ ತನ್ನ ಹಿಡಿತದಲ್ಲಿಟ್ಟುಕೊಂಡಿರುವ ಕಲ್ಪಿತ ರಾಜ್ಯದ ಕಥೆಗೆ ಈ ಹೆಸರು ಸಲ್ಲುತ್ತದೆ. ಅಂತಹ ಪುಸ್ತಕಗಳು ಅಧಿಕಾರದ ಸ್ವರೂಪವನ್ನು ಸರಿಯಾಗಿ ತಿಳಿಸುತ್ತವೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಹೊಣೆ ಸಾಹಿತ್ಯದ ಅಧ್ಯಾಪಕರಷ್ಟೇ ನಮ್ಮ ಮೇಲೂ ಇದೆ.

ಪ್ರಕೃತ ಲೇಖನಕ್ಕೆ ಕಾರಣವಾದುದು ಒಂದು ಸಣ್ಣ ಪ್ರಸಂಗ. ಬಳ್ಳಾರಿ ಜಿಲ್ಲೆಯ ಬಾದನಹಟ್ಟಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಇಂತಹ ಕಾದಂಬರಿಯೊಂದನ್ನು ನಮ್ಮಿಂದ ಪಡೆದುಕೊಂಡು ಹೋಗಿ, ವಾರ ಕಳೆದ ಮೇಲೆ ಹಿಂದಿರುಗಿಸಿದಳು. ಹೇಗಿತ್ತೆಂದು ಕೇಳಿದಾಗ ಅವಳು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. "ಇವರಿಬ್ರೂ ಇಷ್ಟೊತ್ತು ನಿಂತು ಮಾತಾಡ್ತಾರಲ್ಲ ಸರ್, ಇವರನ್ನ ಯಾರೂ ನೋಡೋದಿಲ್ಲೇನು?" ಎಂದು ಕೇಳಿದಳು. ಆ ಕ್ಷಣಕ್ಕೆ ನಮಗೆ ನಗು ಬಂದಿತಾದರೂ, ಆ ಪ್ರಶ್ನೆಯಲ್ಲಿ ನಾವು ಅದುವರೆಗೆ ಹೇಳಲಾಗದೆ ತಡವರಿಸುತ್ತಿದ್ದ ಅತೃಪ್ತಿಯೇ ಅಡಗಿದೆಯೆಂದು ಆಮೇಲೆ ತೋರಿತು. ಬಾದನಹಟ್ಟಿಯಂತಹ ಹಳ್ಳಿಯಲ್ಲಿ ಬೆಳೆದ ಹುಡುಗಿಗೆ ನೋಟವೆಂದರೇನೆಂಬುದು ಗೊತ್ತು. ಬಸ್ಸು ನಿಲ್ಲುವಲ್ಲಿ ಯಾರೊಡನೆ ನಿಂತೆ, ಎಷ್ಟು ಹೊತ್ತು ನಿಂತೆ ಎಂಬ ವಾರ್ತೆ ಅವಳಿಗಿಂತ ಮೊದಲೇ ಮನೆ ಸೇರುತ್ತದೆ. ಕ್ಯಾಮೆರಾಗಳೂ ಗೂಢಚಾರರೂ ತುಂಬಿರುವ ರಾಜ್ಯವೆಂದು ಹೇಳಿಕೊಳ್ಳುವ ಕಥೆಯಲ್ಲಿ ಒಂದು ಹಳ್ಳಿಯ ಕಟ್ಟೆಗಿರುವಷ್ಟು ಕಣ್ಣುಗಳೂ ಇಲ್ಲವೆಂದರೆ, ಆ ರಾಜ್ಯವನ್ನು ನಂಬುವುದು ಹೇಗೆ?

೨

ಈ ಜಾತಿಯ ಕೃತಿಗಳಲ್ಲಿ ಹೆಸರಾದ ಕೆಲವನ್ನು ನೋಡೋಣ. ಸುಜ್ಯಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ೨೦೦೮ರಲ್ಲಿಯೂ, ಆಲಿ ಕಾಂಡಿ ಅವರ 'ಮ್ಯಾಚ್ಡ್' ೨೦೧೦ರಲ್ಲಿಯೂ, ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' ಮತ್ತು ಲಾರೆನ್ ಆಲಿವರ್ ಅವರ 'ಡೆಲಿರಿಯಂ' ೨೦೧೧ರಲ್ಲಿಯೂ ಪ್ರಕಟವಾದವು. ನಾಲ್ಕರಲ್ಲಿಯೂ ಹದಿಹರೆಯದ ಕನ್ಯೆಯೇ ನಾಯಿಕೆ. ನಾಲ್ಕರಲ್ಲಿಯೂ ಅವಳು ಪ್ರಭುತ್ವವನ್ನು ಎದುರಿಸುತ್ತಾಳೆ. ನಾಲ್ಕರಲ್ಲಿಯೂ ಒಬ್ಬ ತರುಣನ ಪ್ರೇಮ ಆ ಎದುರಿಸುವಿಕೆಯೊಂದಿಗೆ ಹೆಣೆದುಕೊಂಡಿದೆ. ಹೆಣ್ಣಿಗೆ ಧೈರ್ಯವನ್ನೂ ನಿರ್ಧಾರದ ಹಕ್ಕನ್ನೂ ಕೊಟ್ಟಿರುವುದು ಇವುಗಳ ಹಿರಿಮೆ. ಇದನ್ನು ಮೊದಲೇ ಒಪ್ಪಿಕೊಳ್ಳದೆ ಆಕ್ಷೇಪಕ್ಕೆ ತೊಡಗುವುದು ನ್ಯಾಯವಾಗಲಾರದು.

'ಡೆಲಿರಿಯಂ' ಕಾದಂಬರಿಯ ಕಲ್ಪನೆ ಗಂಭೀರವಾದುದು. ಅಲ್ಲಿ ಪ್ರೇಮವೇ ಒಂದು ರೋಗವೆಂದು ಸರ್ಕಾರ ಸಾರಿದೆ. ಹದಿನೆಂಟು ತುಂಬಿದವರಿಗೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಅಳಿಸಿಹಾಕುತ್ತಾರೆ. ನಾಯಿಕೆ ಲೀನಾ ಈ ನಂಬಿಕೆಯಲ್ಲಿಯೇ ಹುಟ್ಟಿ ಬೆಳೆದವಳು. ತನ್ನ ತಾಯಿ ಆ ರೋಗಕ್ಕೆ ಬಲಿಯಾದಳೆಂದು ತಿಳಿದವಳು. ಚಿಕಿತ್ಸೆಯ ದಿನವನ್ನು ಎಣಿಸುತ್ತಾ ಕಾಯುತ್ತಿರುವವಳು. ಇಂತಹವಳು ಅಲೆಕ್ಸ್ ಎಂಬ ತರುಣನನ್ನು ಕಂಡು, ಒಂದು ಬೇಸಿಗೆ ಕಳೆಯುವುದರೊಳಗೆ ಸರ್ವಸ್ವವನ್ನೂ ಬಿಟ್ಟು ಅವನೊಡನೆ ಹೊರಡಲು ಸಿದ್ಧಳಾಗುತ್ತಾಳೆ. ಅವಳ ಭಯ ಸ್ವಲ್ಪ ಕಾಲ ಹೋರಾಡುತ್ತದೆ ಎಂಬುದು ನಿಜ. ಕೊನೆಯಲ್ಲಿ ಗಡಿಯ ಬೇಲಿಯ ಬಳಿ ಆ ಪ್ರೇಮಕ್ಕೆ ದೊಡ್ಡ ಬೆಲೆಯನ್ನೇ ತೆರಬೇಕಾಗುತ್ತದೆ ಎಂಬುದೂ ನಿಜ. ಆದರೆ ಆ ಬೆಲೆ ತೆತ್ತದ್ದು ಬೇಲಿಯ ಬಳಿ, ಮನಸ್ಸಿನೊಳಗಲ್ಲ. ಹದಿನೇಳು ವರ್ಷ ನಂಬಿದ ಮಾತು ಕೆಲವು ಸಂಜೆಗಳಲ್ಲಿ ಕರಗಿಹೋಗುವುದಾದರೆ, ಆ ಮಾತನ್ನು ನಂಬಿಸಿದ ಸರ್ಕಾರ ಅಷ್ಟೇನೂ ಬಲವುಳ್ಳದ್ದಲ್ಲವೆಂದೇ ವಾಚಕನು ಭಾವಿಸಬೇಕಾಗುತ್ತದೆ. ಪ್ರೇಮವನ್ನು ಎತ್ತರಿಸಲು ಹೋಗಿ ಲೇಖಕಿ ಭಯವನ್ನು ಕುಗ್ಗಿಸಿದ್ದಾರೆ.

'ಮ್ಯಾಚ್ಡ್' ಕೃತಿಯಲ್ಲಿ ಯಾರು ಯಾರನ್ನು ಮದುವೆಯಾಗಬೇಕೆಂಬುದನ್ನು ಪ್ರಭುತ್ವವೇ ಗಣಿತದಿಂದ ನಿಶ್ಚಯಿಸುತ್ತದೆ. ಕೆಸಿಯಾ ಎಂಬ ಹುಡುಗಿಗೆ ಬಾಲ್ಯದ ಗೆಳೆಯನೇ ವರನಾಗಿ ಗೊತ್ತಾಗುತ್ತಾನೆ. ಆದರೆ ಪರದೆಯ ಮೇಲೆ ಮತ್ತೊಬ್ಬ ತರುಣನ ಮುಖ ಕ್ಷಣಮಾತ್ರ ಮಿನುಗಿ ಮರೆಯಾಗುತ್ತದೆ. ಅವಳ ಮನಸ್ಸು ತಿರುಗಲು ಅಷ್ಟೇ ಸಾಕಾಗುತ್ತದೆ. ಮುಂದೆ ಆ ತರುಣನು ಅವಳಿಗೆ ಕೈಬರಹವನ್ನು ಕಲಿಸುವ ಪ್ರಸಂಗ ಬರುತ್ತದೆ. ಬರೆಯುವುದನ್ನೇ ಜನ ಮರೆತಿರುವ ರಾಜ್ಯದಲ್ಲಿ ಒಂದೊಂದೇ ಅಕ್ಷರವನ್ನು ಮಣ್ಣಿನಲ್ಲಿ ತಿದ್ದುವ ಆ ಪುಟಗಳು ಇಡೀ ಗ್ರಂಥದಲ್ಲಿ ನಮಗೆ ಹೆಚ್ಚು ಹಿಡಿಸಿದವು. ಏಕೆಂದರೆ ಅಲ್ಲಿ ಪ್ರೇಮಕ್ಕೆ ಶ್ರಮವಿದೆ, ಗುಟ್ಟಿದೆ, ಸಿಕ್ಕಿಬೀಳುವ ಅಂಜಿಕೆಯಿದೆ. ಮಿನುಗಿದ ಮುಖ ಮರೆತುಹೋಗುತ್ತದೆ. ತಿದ್ದಿದ ಅಕ್ಷರ ನೆನಪಿನಲ್ಲಿ ಉಳಿಯುತ್ತದೆ. 'ಡೈವರ್ಜೆಂಟ್' ಕಾದಂಬರಿಯ ಟ್ರಿಸ್ ತನ್ನ ಶಿಕ್ಷಕನಾದ ತರುಣನಿಗೆ ಒಲಿಯುವುದು ಕೆಲವೇ ವಾರಗಳ ತರಬೇತಿಯ ಅವಧಿಯಲ್ಲಿ. ಒಂದು ಬಣವನ್ನು ತೊರೆದು ಮತ್ತೊಂದನ್ನು ಸೇರಿ, ತಂದೆತಾಯಿಗಳನ್ನು ಹಿಂದೆ ಬಿಟ್ಟುಬಂದ ಹುಡುಗಿಯ ಒಂಟಿತನ ಅಲ್ಲಿ ಚೆನ್ನಾಗಿ ಮೂಡಿತ್ತು. ಪ್ರೇಮವು ಅವಸರದಿಂದ ಬಂದು ಆ ಒಂಟಿತನವನ್ನು ಅರ್ಧದಲ್ಲಿಯೇ ನಿಲ್ಲಿಸಿಬಿಡುತ್ತದೆ.

ಇವುಗಳ ನಡುವೆ 'ದಿ ಹಂಗರ್ ಗೇಮ್ಸ್' ಬೇರೆಯಾಗಿ ನಿಲ್ಲುತ್ತದೆ. ಹನ್ನೆರಡು ಪ್ರಾಂತಗಳಿಂದ ಇಪ್ಪತ್ತನಾಲ್ಕು ಮಂದಿ ಎಳೆಯರನ್ನು ಕರೆತಂದು, ಒಬ್ಬರು ಮಾತ್ರ ಉಳಿಯುವವರೆಗೆ ಪರಸ್ಪರ ಕೊಲ್ಲಿಸುವ ರಾಜ್ಯ ಅದು. ಪೀಟಾ ಎಂಬ ತರುಣ ತನ್ನ ಪ್ರೇಮವನ್ನು ದೂರದರ್ಶನದಲ್ಲಿ, ಸಮಸ್ತ ರಾಜ್ಯದ ಎದುರಿಗೆ ಪ್ರಕಟಿಸುತ್ತಾನೆ. ಮೇಲುನೋಟಕ್ಕೆ ಇದು ತಟ್ಟನೆ ಬಂದುದೆಂದು ಕಾಣುತ್ತದೆ. ಆದರೆ ಅದರ ಹಿಂದೆ ಬಹುಕಾಲದ ಹಿಂದೆ ಹಸಿದ ಹುಡುಗಿಗೆ ಅವನು ಎಸೆದ ರೊಟ್ಟಿಯಿದೆ, ಅದಕ್ಕಾಗಿ ಅವನು ತಿಂದ ಪೆಟ್ಟಿದೆ. ಮುಂದೆ ಕಣದಲ್ಲಿ ಕ್ಯಾಟ್ನಿಸ್ ಅವನಿಗೆ ಕೊಡುವ ಮುತ್ತು ನೋಡುವವರಿಗಾಗಿ ಕೊಟ್ಟದ್ದು. ಅದರ ಪ್ರತಿಫಲವಾಗಿ ಮೇಲಿನಿಂದ ಊಟದ ಪಾತ್ರೆ ಇಳಿದುಬರುತ್ತದೆ. ತನ್ನದು ಪ್ರೇಮವೋ ಅಭಿನಯವೋ ಎಂಬುದು ಅವಳಿಗೇ ತಿಳಿಯದು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಈ ಕಾದಂಬರಿಯಲ್ಲಿ ಉತ್ತರವಿದೆ. ಇಲ್ಲಿ ಎಲ್ಲರೂ ನೋಡುತ್ತಿದ್ದಾರೆ, ಮತ್ತು ನೋಡುತ್ತಿರುವುದರಿಂದಲೇ ಪ್ರೇಮವೂ ಕೆಡುತ್ತದೆ. ದಬ್ಬಾಳಿಕೆಯ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ತರುಣ ವಾಚಕರಿಗೆ ತಿಳಿಸಿದ ಕಥೆ ಈ ಗುಂಪಿನಲ್ಲಿ ಬೇರೊಂದಿಲ್ಲ.

೩

ಇಷ್ಟರಿಂದ ಪ್ರಥಮ ದರ್ಶನದ ಪ್ರೇಮವೇ ದೋಷವೆಂದು ನಾವು ಹೇಳುತ್ತಿರುವುದಾಗಿ ಯಾರೂ ತಿಳಿಯಬಾರದು. ನಮ್ಮ ಅಲಂಕಾರಶಾಸ್ತ್ರವು ಅದನ್ನು ಪೂರ್ವರಾಗವೆಂದು ಕರೆದು ಗೌರವದ ಸ್ಥಾನವನ್ನೇ ಕೊಟ್ಟಿದೆ. ಕಣ್ಣಾರೆ ಕಂಡಾಗಲೀ ಗುಣಗಳನ್ನು ಕೇಳಿಯಾಗಲೀ ಅನುರಾಗ ಹುಟ್ಟಬಹುದೆಂದು ಲಾಕ್ಷಣಿಕರು ಒಪ್ಪಿದ್ದಾರೆ. ಆದರೆ ಅವರು ಅದನ್ನು ಸೇರಿಸಿದ್ದು ವಿಪ್ರಲಂಭದಲ್ಲಿ, ಅಂದರೆ ಅಗಲಿಕೆಯ ಶೃಂಗಾರದಲ್ಲಿ, ಎಂಬುದನ್ನು ಗಮನಿಸತಕ್ಕದ್ದು. ಕಂಡೊಡನೆ ಒಲಿಯುವುದು ಅವರ ದೃಷ್ಟಿಯಲ್ಲಿ ಪಡೆದುದರ ಸುಖವಲ್ಲ, ಪಡೆಯದುದರ ಸಂಕಟ. ಅಭಿಲಾಷೆಯಿಂದ ಮೊದಲಾಗಿ ಮರಣದವರೆಗಿನ ಹತ್ತು ಅವಸ್ಥೆಗಳು ಅಲ್ಲಿಂದಲೇ ಆರಂಭವಾಗುತ್ತವೆ. ಕಾಳಿದಾಸನ ಶಾಕುಂತಲದಲ್ಲಿ ಒಲವು ಆಶ್ರಮದ ಮರದಡಿಯಲ್ಲಿ ಕಣ್ಣಿನಿಂದಲೇ ಹುಟ್ಟಿತು. ಆದರೆ ಅದು ನಿಜವಾಗಬೇಕಾದರೆ ಶಾಪ, ಮರೆವು, ತುಂಬಿದ ಸಭೆಯಲ್ಲಿ ನಿರಾಕರಣೆ, ವರ್ಷಗಳ ಅಗಲಿಕೆ ಇವೆಲ್ಲವನ್ನೂ ದಾಟಬೇಕಾಯಿತು. ಹುಟ್ಟಲು ಕ್ಷಣ ಸಾಕು, ಆದರೆ ಬದುಕಲು ಬೆಲೆ ತೆರಬೇಕು ಎಂಬುದು ಈ ಪರಂಪರೆಯ ತೀರ್ಮಾನವೆಂದು ನಾವು ಭಾವಿಸುತ್ತೇವೆ.

ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇದಕ್ಕೆ ನಿದರ್ಶನವಿದೆ. ಜಾರ್ಜ್ ಆರ್ವೆಲ್ ೧೯೪೯ರಲ್ಲಿ ಪ್ರಕಟಿಸಿದ 'ನೈಂಟೀನ್ ಎಯ್ಟಿಫೋರ್' ಕಾದಂಬರಿಯಲ್ಲಿ ಜೂಲಿಯಾ ಎಂಬವಳು ವಿನ್‌ಸ್ಟನ್‌ನ ಕೈಗೆ ಚೀಟಿಯೊಂದನ್ನು ತುರುಕಿ ತನ್ನ ಒಲವನ್ನು ತಿಳಿಸುತ್ತಾಳೆ. ಅದಕ್ಕೆ ಮುನ್ನ ಅವರು ಪರಸ್ಪರ ಮಾತನ್ನೂ ಆಡಿದವರಲ್ಲ. ಅವನಾದರೋ ಅವಳನ್ನು ಗೂಢಚಾರಿಣಿಯೆಂದು ಶಂಕಿಸಿ ದ್ವೇಷಿಸುತ್ತಿದ್ದವನು. ಇದಕ್ಕಿಂತ ಹಠಾತ್ತಾದ ಪ್ರೇಮ ಬೇರೆ ಯಾವುದಿದೆ? ಆದರೂ ಅದು ನಮಗೆ ಸುಳ್ಳೆನಿಸುವುದಿಲ್ಲ. ಆ ಚೀಟಿಯನ್ನು ಓದಲು ಅವನು ಕಾಯುವುದು, ಭೋಜನಶಾಲೆಯಲ್ಲಿ ಒಂದೇ ಮೇಜಿನಲ್ಲಿ ಕುಳಿತು ಒಂದು ನಿಮಿಷ ಮಾತಾಡಲು ದಿನಗಟ್ಟಲೆ ಹವಣಿಸುವುದು, ಜನಜಂಗುಳಿಯ ನಡುವೆ ಮುಖ ನೋಡದೆಯೇ ಭೇಟಿಯ ಸ್ಥಳವನ್ನು ಗೊತ್ತುಮಾಡಿಕೊಳ್ಳುವುದು, ಇವೆಲ್ಲವೂ ಪ್ರಭುತ್ವವು ಆ ಪ್ರೇಮದಿಂದ ವಸೂಲು ಮಾಡುವ ಕಂದಾಯ. ಕೊನೆಗೆ ಒಬ್ಬರನ್ನೊಬ್ಬರು ಬಿಟ್ಟುಕೊಡುವಂತೆ ಮಾಡಿ ಅದು ಅಸಲನ್ನೂ ಕಿತ್ತುಕೊಳ್ಳುತ್ತದೆ.

೪

ಈಗ ನಮ್ಮ ನೆಲಕ್ಕೆ ಬರೋಣ. ಬಾದನಹಟ್ಟಿಯಿಂದ ಪಶ್ಚಿಮಕ್ಕೆ ಕುರುಗೋಡನ್ನು ದಾಟಿ ಮುಂದೆ ಹೋದರೆ ತುಂಗಭದ್ರೆಯ ದಂಡೆಯ ಕಂಪ್ಲಿ ಸಿಗುತ್ತದೆ. ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಈ ಪ್ರದೇಶವನ್ನು ಆಳಿದವನು ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲರಾಯ. ಹಂಪಿಯ ಹೇಮಕೂಟದಲ್ಲಿ ಅವನು ಶಿವಾಲಯವನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಶಾಸನವೇ ತಿಳಿಸುತ್ತದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟನು. ಕ್ರಿ. ಶ. ೧೩೨೭ರ ಸುಮಾರಿಗೆ ದೆಹಲಿಯ ಸೈನ್ಯ ಬಂದು ಆ ಚಿಕ್ಕ ರಾಜ್ಯವನ್ನು ನಿರ್ಮೂಲ ಮಾಡಿತು. ಅರಮನೆಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದುದನ್ನೂ, ರಾಜನು ಹೋರಾಡಿ ಮಡಿದುದನ್ನೂ, ಅವನ ಮಕ್ಕಳು ಸೆರೆಯಾದುದನ್ನೂ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಒಂದು ಲೋಕವೇ ಕುಸಿದುಬಿದ್ದ ಕಥೆ ಇದು.

ಈ ಕುಸಿತದ ಮಧ್ಯದಲ್ಲಿ ಕಂಪಿಲರಾಯನ ಮಗ ಕುಮಾರರಾಮನನ್ನು ನಿಲ್ಲಿಸಿ ಹದಿನಾರನೆಯ ಶತಮಾನದ ನಂಜುಂಡ ಕವಿಯೂ, ಅವನ ತರುವಾಯ ಪಾಂಚಾಳ ಗಂಗನೂ ಸಾಂಗತ್ಯದಲ್ಲಿ ಕಾವ್ಯ ರಚಿಸಿದರು. ಕಥೆಯ ತಿರುವು ನಿಂತಿರುವುದು ಒಂದು ಕ್ಷಣದ ನೋಟದ ಮೇಲೆ. ರಾಮನು ಗೆಳೆಯರೊಡನೆ ಚೆಂಡಾಡುತ್ತಿರುವಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಒಳಗೆ ಹೋದವನನ್ನು ಕಂಡು ಅವಳು ಮೋಹಗೊಳ್ಳುತ್ತಾಳೆ. ಪರನಾರೀಸೋದರನೆಂದು ಬಿರುದು ಹೊತ್ತ ರಾಮನು ತಾಯಿಯೆಂದು ಕರೆದು ನಿರಾಕರಿಸುತ್ತಾನೆ. ತಿರಸ್ಕೃತಳಾದ ಅವಳು ರಾಜನಲ್ಲಿ ಸುಳ್ಳು ದೂರು ಹೇಳುತ್ತಾಳೆ; ರಾಜನು ಮಗನ ತಲೆ ತೆಗೆಯಲು ಆಜ್ಞೆಮಾಡುತ್ತಾನೆ; ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸುತ್ತಾನೆ. ದೆಹಲಿಯ ದಂಡು ಬಂದು ರಾಜ್ಯ ನಡುಗಿದಾಗ, ಸತ್ತನೆಂದು ಎಲ್ಲರೂ ತಿಳಿದಿದ್ದ ರಾಮನು ಹೊರಗೆ ಬಂದು ಕಾದುತ್ತಾನೆ. ಅವನು ಬದುಕಿರುವನೆಂದು ಅರಿತ ರತ್ನಾಜಿ ಪ್ರಾಣ ಬಿಡುತ್ತಾಳೆ. ಕೊನೆಯ ಯುದ್ಧದಲ್ಲಿ ರಾಮನೂ ಮಡಿಯುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕವಿಯು ತತ್ಕ್ಷಣದ ಮೋಹವನ್ನು ರಾಜ್ಯದ ಹೊರಗೆ ಇಟ್ಟಿಲ್ಲ. ಚೆಂಡು ಬಿದ್ದ ಅಂಗಳಕ್ಕೂ, ರಾಜನು ತೀರ್ಪು ಕೊಟ್ಟ ಸಭೆಗೂ, ಬೈಚಪ್ಪನ ನೆಲಮಾಳಿಗೆಗೂ, ದಂಡು ಇಳಿದ ಬಯಲಿಗೂ ನಡುವೆ ಒಂದೇ ದಾರಿಯಿದೆ. ಅರಸನ ಕಿವಿಗೆ ಬಿದ್ದ ಒಂದು ಮಾತು ವಿಚಾರಣೆಯಿಲ್ಲದೆ ಆಜ್ಞೆಯಾಗುವ ರಾಜ್ಯದಲ್ಲಿ ಒಂದು ನೋಟ ಏನೇನು ಮಾಡಬಲ್ಲದೆಂಬುದನ್ನು ಕಾವ್ಯ ಹೆಜ್ಜೆಹೆಜ್ಜೆಯಾಗಿ ತೋರಿಸುತ್ತದೆ. ಎರಡನೆಯದಾಗಿ, ಅದು ಆ ಮೋಹವನ್ನೇ ಸರ್ವಕಾರಣವಾಗಿ ಮಾಡಿಲ್ಲ. ಆಶ್ರಿತನನ್ನು ಬಿಟ್ಟುಕೊಡದ ರಾಜಧರ್ಮದ ಪ್ರಶ್ನೆಯೂ ದೆಹಲಿಯ ವಿಸ್ತಾರದ ಆಸೆಯೂ ಕಥೆಯಲ್ಲಿ ಉಳಿದುಕೊಂಡಿವೆ. ರಾಜ್ಯದ ಪತನಕ್ಕೆ ಕಾರಣ ಅನೇಕವೆಂಬ ಇತಿಹಾಸದ ಅರಿವು ಇನ್ನೂರು ವರ್ಷಗಳ ಅನಂತರ ಬರೆದ ಕವಿಗೂ ತಪ್ಪಿಹೋಗಿಲ್ಲ.

ಹಾಗೆಂದು ಈ ಕಾವ್ಯವನ್ನು ದೋಷರಹಿತವೆಂದು ನಾವು ಎತ್ತಿಹಿಡಿಯುವುದಿಲ್ಲ. ರತ್ನಾಜಿಗೆ ಅಲ್ಲಿ ನ್ಯಾಯ ದೊರೆತಿಲ್ಲ. ಬೆಳೆದ ಮಗನಿರುವ ಅರಸನಿಗೆ ಹೆಂಡತಿಯಾಗಿ ಬಂದ ತರುಣಿಯ ಬಾಳು ಹೇಗಿತ್ತೆಂದು ಕವಿ ವಿಚಾರಿಸಲಿಲ್ಲ. ಮೋಹದ ಪಾಪವೆಲ್ಲ ಅವಳ ಪಾಲಿಗೆ, ವ್ರತದ ಕೀರ್ತಿಯೆಲ್ಲ ರಾಮನ ಪಾಲಿಗೆ ಬಂದಿದೆ. ಕಿವಿಮಾತಿಗೆ ಮಗನನ್ನು ಕೊಲ್ಲಹೊರಟ ಅರಸನ ಅಪರಾಧ ಹಗುರವಾಗಿದೆ. ಈ ವಿಷಯದಲ್ಲಿ ಹೊಸ ಕಾದಂಬರಿಗಳು ಎಷ್ಟೋ ಮುಂದೆ ಬಂದಿವೆ. ಹೆಣ್ಣಿನ ಬಯಕೆಯನ್ನು ಅವು ಪಾಪವೆನ್ನುವುದಿಲ್ಲ. ನಮ್ಮ ನಿರಾಶೆ ಹೆಚ್ಚಾಗುವುದು ಇದರಿಂದಲೇ. ಹಳೆಯ ಕವಿಗೆ ಲೋಕ ತಿಳಿದಿತ್ತು, ಹೆಣ್ಣು ತಿಳಿದಿರಲಿಲ್ಲ. ಹೊಸ ಲೇಖಕಿಯರು ಹೆಣ್ಣನ್ನು ಬಲ್ಲವರು. ಆದರೆ ಪ್ರೇಮದ ಪುಟಕ್ಕೆ ಬಂದಾಗ ಲೋಕವನ್ನು ಬದಿಗಿಟ್ಟುಬಿಡುತ್ತಾರೆ.

೫

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬರಬಹುದು. ತರುಣರು ಬೇಗ ಒಲಿಯುವುದು ಸಹಜ, ಅಪಾಯದ ಕಾಲದಲ್ಲಂತೂ ಇನ್ನೂ ಬೇಗ. ಅದನ್ನು ಇದ್ದಂತೆ ಚಿತ್ರಿಸಿದರೆ ತಪ್ಪೇನು ಎಂಬುದು ಮೊದಲನೆಯದು. ಬೇಗ ಒಲಿಯುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಲವು ಬೇರೆ, ನಂಬಿಕೆ ಬೇರೆ. ಭಯದ ರಾಜ್ಯದಲ್ಲಿ ಎಲ್ಲಕ್ಕಿಂತ ದುರ್ಲಭವಾದುದು ನಂಬಿಕೆ. ತುಂಗಭದ್ರೆಯ ಆಚೆಯ ದಂಡೆ ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಈಚೆಯ ದಂಡೆ ಮದರಾಸು ಪ್ರಾಂತಕ್ಕೆ ಸೇರಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಅಲ್ಲಿಂದ ನೆರೆಯ ಪ್ರಾಂತಗಳಿಗೆ ಬಂದವರ ಕಥೆಗಳನ್ನು ನಮ್ಮ ಜಿಲ್ಲೆಯ ಹಿರಿಯರಿಂದ ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಆ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು ಕತ್ತಿಬಂದೂಕುಗಳದ್ದಲ್ಲ. ಯಾರ ಮನೆಯ ಬಾಗಿಲು ತಟ್ಟಬಹುದು, ಯಾರದ್ದು ಕೂಡದು ಎಂಬುದು. ತಾನು ಮೊನ್ನೆ ಕಂಡ ಮುಖಕ್ಕೆ ನಾಯಿಕೆ ತನ್ನ ಕುಟುಂಬದ ಗುಟ್ಟನ್ನೆಲ್ಲ ಒಪ್ಪಿಸಿದಾಗ, ಅಲ್ಲಿ ಹುಸಿಯಾಗುವುದು ಪ್ರೇಮವಲ್ಲ. ಆ ಬಾಗಿಲುಗಳ ಭಯ.

ಇವು ವಿನೋದಕ್ಕಾಗಿ ಬರೆದ ಪುಸ್ತಕಗಳು, ಇವುಗಳಿಂದ ಇಷ್ಟನ್ನು ನಿರೀಕ್ಷಿಸಬಾರದು ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾವು ಒಪ್ಪಲಾರೆವು. ಹದಿನೇಳು ಹದಿನೆಂಟರ ಪ್ರಾಯದವರು ಈ ಪುಸ್ತಕಗಳನ್ನು ಓದುವ ಕಾಲ ಅವರು ಮತದಾರರಾಗುವ ಕಾಲವೂ ಹೌದು. ಮನೆಯಲ್ಲಿ ಮದುವೆಯ ಮಾತು ಏಳುವ ಕಾಲವೂ ಹೌದು. ಬೇರೆ ಜಾತಿಯವನೊಡನೆ ಮಾತಾಡಿದ್ದಕ್ಕೆ ಓದನ್ನು ಬಿಡಬೇಕಾಗಿ ಬಂದ ಹುಡುಗಿಯರನ್ನು ನಾವು ಬಲ್ಲೆವು. ಅಂತಹವರಿಗೆ ಕಂಡೊಡನೆ ಒಲಿದು ಬೇಲಿ ಹಾರುವ ಕಥೆಯನ್ನು ಕೊಟ್ಟು ಇದೇ ಸ್ವಾತಂತ್ರ್ಯವೆಂದರೆ, ಅದು ಅವರ ಕಷ್ಟಕ್ಕೆ ತೋರುವ ಅನಾದರ. ಬೇಲಿಯ ಎತ್ತರವೆಷ್ಟು, ಕಾವಲಿನವರು ಯಾರು, ಅವರಲ್ಲಿ ತನ್ನ ಮನೆಯವರೆಷ್ಟು ಮಂದಿ ಎಂಬುದನ್ನು ಅಳೆಯಲು ಕಲಿಸುವ ಕಥೆ ಅವರಿಗೆ ಬೇಕಾಗಿದೆ. ಅದನ್ನು ಕೊಡಬಲ್ಲ ಶಕ್ತಿ ಡಿಸ್ಟೋಪಿಯ ಕಾದಂಬರಿಗೆ ಬೇರೆಲ್ಲ ಪ್ರಕಾರಗಳಿಗಿಂತ ಹೆಚ್ಚಾಗಿದೆ. ಶಕ್ತಿಯಿದ್ದೂ ಕೊಡದಿರುವುದೇ ನಮ್ಮ ದೂರು.

೬

ಕನ್ನಡದಲ್ಲಿ ಕುಸಿಯುವ ರಾಜ್ಯದ ಕಥೆಗೆ ಕೊರತೆಯಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (೧೯೫೬) ಕೊಡಗಿನ ಅರಸೊತ್ತಿಗೆ ೧೮೩೪ರಲ್ಲಿ ಕೊನೆಗೊಂಡುದನ್ನು ಹೇಳುವಾಗ, ಅರಸನ ಕ್ರೌರ್ಯದ ನೆರಳಿನಲ್ಲಿ ಗಂಡಹೆಂಡಿರ, ಅಣ್ಣತಂಗಿಯರ, ಒಡೆಯಸೇವಕರ ನಡುವಿನ ನಂಬಿಕೆ ಹೇಗೆ ಸವೆಯಿತೆಂಬುದನ್ನು ಆತುರವಿಲ್ಲದೆ ತೋರಿಸುತ್ತದೆ. ರಾಣಿ ಗೌರಮ್ಮನ ತಾಳ್ಮೆಯಲ್ಲಿ ಇರುವ ಪ್ರೀತಿ ಯಾವ ಪ್ರಥಮ ದರ್ಶನದ್ದೂ ಅಲ್ಲ. ಆದರೆ ತರುಣರಿಗಾಗಿ, ಮುಂದಿನ ಕಾಲವನ್ನು ಕಲ್ಪಿಸಿ ಬರೆದ ಇಂತಹ ಕಾದಂಬರಿಗಳು ನಮ್ಮಲ್ಲಿ ವಿರಳ. ಬರೆಯಬೇಕೆಂಬ ಉತ್ಸಾಹವುಳ್ಳ ವಿದ್ಯಾರ್ಥಿಗಳು ಪರದೇಶದ ನಗರಗಳನ್ನು ಅನುಕರಿಸುವುದಕ್ಕಿಂತ ಕಂಪ್ಲಿಯ ಕೋಟೆಯನ್ನೂ, ತಮ್ಮ ಊರಿನ ಬಸ್ಸು ನಿಲ್ಲುವ ಜಾಗವನ್ನೂ ಒಮ್ಮೆ ಗಮನವಿಟ್ಟು ನೋಡುವುದು ಲೇಸು.

ಅಧ್ಯಾಪಕರಲ್ಲಿ ನಮ್ಮ ಸೂಚನೆ ಇಷ್ಟು. ಈ ಪುಸ್ತಕಗಳನ್ನು ಹಗುರವೆಂದು ತಳ್ಳಿಹಾಕುವುದು ಬೇಡ. ತರಗತಿಗೆ ತಂದು ಕುಮಾರರಾಮನ ಕಥೆಯ ಪಕ್ಕದಲ್ಲಿಟ್ಟು ಓದಿಸಬೇಕು. ಪ್ರೇಮ ಯಾವ ದಿನ ಹುಟ್ಟಿತೆಂದು ಕೇಳುವ ಬದಲು, ಹುಟ್ಟಿದ ಮೇಲೆ ಅದನ್ನು ಯಾರು ಯಾರು ನೋಡಿದರು, ಯಾರಿಗೆ ಹೇಳಿದರು, ಅದರಿಂದ ಯಾರ ತಲೆಗೆ ಅಪಾಯ ಬಂದಿತು ಎಂದು ವಿದ್ಯಾರ್ಥಿಗಳಿಂದ ಪಟ್ಟಿಮಾಡಿಸಬೇಕು. ಪಟ್ಟಿ ಉದ್ದವಾದಷ್ಟೂ ಆ ರಾಜ್ಯ ನಿಜವಾದುದು. ಬಾದನಹಟ್ಟಿಯ ಆ ವಿದ್ಯಾರ್ಥಿನಿ ಈಗ ಎರಡನೆಯ ಪುಸ್ತಕವನ್ನು ಓದುತ್ತಿದ್ದಾಳೆ. ಪಟ್ಟಿಯನ್ನು ತಾನೇ ಬರೆದು ತರುವುದಾಗಿ ಹೇಳಿದ್ದಾಳೆ.